ಇಲಿಯ ಕಣ್ಣೀರಿನ ಗ್ರಂಥಿಯಲ್ಲಿ ಕಾಣುವ ದುಂಡು ಕೋಶಗಳು

ಪ್ರಶ್ನೆ: ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಪ್ರಯೋಗಾಲಯದ ರ‍್ಯಾಟ್ ಜಾತಿಯ ಬಿಳಿ ಇಲಿಗಳ ಕಣ್ಣೀರಿನ ಗ್ರಂಥಿಯ ಸ್ಲೈಡುಗಳಲ್ಲಿ ಕಡುನೀಲಿ ಬಣ್ಣದ ದುಂಡು ಕೋಶಗಳು ಅಲ್ಲಲ್ಲಿ ಕಾಣುತ್ತವೆ. ಇವು ರೋಗನಿರೋಧಕ ಕೋಶಗಳೇ? ಗ್ರಂಥಿಗೆ ಉರಿಯೂತವಾಗಿದೆ ಎಂದು ಬರೆಯಬಹುದೇ?
— ಓದುಗರು, ಸಿಂಧನೂರು

ಉತ್ತರ: ಸದ್ಯಕ್ಕೆ ಬರೆಯಬೇಡಿ. ಆರೋಗ್ಯವಂತ ಗ್ರಂಥಿಯಲ್ಲೂ ಈ ಕೋಶಗಳು ಇದ್ದೇ ಇರುತ್ತವೆ. ಕಣ್ಣೀರಿಗೆ ಐಜಿಎ ಎಂಬ ಪ್ರತಿಕಾಯವನ್ನು (ರೋಗಾಣುಗಳನ್ನು ತಡೆಯುವ ಪ್ರೋಟೀನನ್ನು) ತಯಾರಿಸಿ ಕೊಡುವುದೇ ಅಲ್ಲಿ ನೆಲೆಸಿರುವ ಪ್ಲಾಸ್ಮಾ ಕೋಶಗಳೆಂಬ ರೋಗನಿರೋಧಕ ಕೋಶಗಳು. ಇವುಗಳ ನ್ಯೂಕ್ಲಿಯಸ್ ಒಂದು ಬದಿಗೆ ಸರಿದಿರುತ್ತದೆ, ಅದರೊಳಗಿನ ಕಪ್ಪು ಗೆರೆಗಳು ಬಂಡಿಗಾಲಿಯ ಕಡ್ಡಿಗಳಂತೆ ಹರಡಿರುತ್ತವೆ. ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಹಾಗಲ್ಲ: ಬಹುಪಾಲು ನ್ಯೂಕ್ಲಿಯಸ್ಸೇ, ಸುತ್ತ ತೆಳುವಾದ ಅಂಚು ಮಾತ್ರ.

ಬಳ್ಳಾರಿಯಲ್ಲಿ ರೋಗಶಾಸ್ತ್ರ ಕಲಿಸುವ ನಾನು ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಅಂಗಾಂಶ ಬೇಗ ಕೆಡುತ್ತದೆ. ತೆಗೆದ ಕೂಡಲೇ 10% ಫಾರ್ಮಲಿನ್‌ಗೆ ಹಾಕದಿದ್ದರೆ ಗ್ರಂಥಿಯದೇ ಕೋಶಗಳ ನ್ಯೂಕ್ಲಿಯಸ್ ಮುದುಡಿ ಕಪ್ಪಾಗಿ, ಲಿಂಫೋಸೈಟ್ ಎಂದೇ ಕಣ್ಣಿಗೆ ಬೀಳುತ್ತದೆ.

ಯಾವ ಗ್ರಂಥಿಯನ್ನು ತೆಗೆದಿರಿ ಎಂಬುದೂ ಮುಖ್ಯ. ಇಲಿಯ ಮುಖ್ಯ ಕಣ್ಣೀರಿನ ಗ್ರಂಥಿ ಕಣ್ಣುಗುಳಿಯ ಹೊರಗೆ, ಕಿವಿಯ ಮುಂದೆ ಚರ್ಮದಡಿಯಲ್ಲಿದೆ. ಕಣ್ಣುಗುಡ್ಡೆಯ ಹಿಂದೆ ಸಿಗುವ ದೊಡ್ಡ ಗ್ರಂಥಿ ಹಾರ್ಡೇರಿಯನ್. ಅದು ಕೊಬ್ಬನ್ನೂ ಪಾರ್ಫಿರಿನ್ ಎಂಬ ಬಣ್ಣವನ್ನೂ ಸ್ರವಿಸುತ್ತದೆ. ಆ ಪಾರ್ಫಿರಿನ್ ಅತಿನೇರಳೆ ಬೆಳಕಿನಲ್ಲಿ ತಾನೇ ಕೆಂಪಾಗಿ ಹೊಳೆಯುವುದರಿಂದ, ಪ್ರತಿದೀಪ್ತಿ (ಫ್ಲೋರೆಸೆನ್ಸ್) ಬಣ್ಣ ಬಳಸುವವರು ಅದನ್ನು ಕೋಶದ ಗುರುತೆಂದು ನಂಬಿಬಿಡುತ್ತಾರೆ.

ಕೋಶದ ಜಾತಿ ಖಚಿತವಾಗಬೇಕಾದರೆ ಆಯಾ ಕೋಶದ ಗುರುತಿನ ಪ್ರೋಟೀನಿಗೆ ಅಂಟುವ ಪ್ರತಿಕಾಯಗಳಿಂದ ಬಣ್ಣ ಹಾಕಿಸಿ. ಟಿ ಕೋಶ ಎಂಬ ಬಗೆಯ ಲಿಂಫೋಸೈಟ್‌ಗೆ ಸಿಡಿ3 ಗುರುತು, ಕಸವನ್ನು ನುಂಗುವ ಮ್ಯಾಕ್ರೋಫೇಜ್ ಕೋಶಕ್ಕೆ ಸಿಡಿ68. ಪುಸ್ತಕಗಳಲ್ಲಿ ಮ್ಯಾಕ್ರೋಫೇಜ್‌ಗೆಂದು ಹೇಳುವ ಎಫ್4/80 ಮೌಸ್ ಎಂಬ ಚಿಕ್ಕ ಜಾತಿಗೆ ಸೇರಿದ್ದು, ನಿಮ್ಮ ರ‍್ಯಾಟ್‌ಗಳಿಗೆ ಅದನ್ನು ಕೊಳ್ಳಬೇಡಿ. ಮೊದಲ ಪ್ರತಿಕಾಯವನ್ನು ಹಾಕದ ಒಂದು ಸ್ಲೈಡನ್ನೂ ಜೊತೆಗಿಡಿ. ಅದರಲ್ಲೂ ಬಣ್ಣ ಬಂದರೆ ಉಳಿದವುಗಳ ಬಣ್ಣವನ್ನು ನಂಬುವಂತಿಲ್ಲ.

ಉರಿಯೂತವನ್ನು ಅಳೆಯುವಾಗ ಬಿಡಿ ಕೋಶಗಳಿಗಿಂತ ಗುಂಪುಗಳನ್ನು ಹುಡುಕಿ, ವಿಶೇಷವಾಗಿ ನಾಳಗಳ ಸುತ್ತ. ದೇಹದ ರೋಗನಿರೋಧಕ ಕೋಶಗಳೇ ಕಣ್ಣೀರು, ಜೊಲ್ಲು ಗ್ರಂಥಿಗಳನ್ನು ಕೆಡಿಸುವ ಮನುಷ್ಯರ ಶೋಗ್ರನ್ ರೋಗದಲ್ಲಿ ತುಟಿಯ ಜೊಲ್ಲು ಗ್ರಂಥಿಗೆ ಬಳಸುವ ಅಳತೆಯಂತೆ 50 ಅಥವಾ ಹೆಚ್ಚು ಲಿಂಫೋಸೈಟ್ ಒಟ್ಟಿಗೆ ಇದ್ದರೆ ಒಂದು ಗುಂಪು. 4 ಚದರ ಮಿಲಿಮೀಟರಿಗೆ ಅಂಥವು ಎಷ್ಟು ಎಂದು ಎಣಿಸುತ್ತಾರೆ.

ಶೋಗ್ರನ್ ರೋಗ ಹೆಚ್ಚಾಗಿ ಹೆಂಗಸರನ್ನು ಕಾಡುತ್ತದೆ. ಆದರೆ ಅದರ ಅಧ್ಯಯನಕ್ಕೆ ಬಳಸುವ ಎನ್‌ಒಡಿ ಎಂಬ ತಳಿಯ ಮೌಸ್‌ಗಳಲ್ಲಿ ಕಣ್ಣೀರಿನ ಗ್ರಂಥಿಯ ಉರಿಯೂತ ಗಂಡುಗಳಲ್ಲೇ ಜೋರು. ರ‍್ಯಾಟ್‌ಗಳಲ್ಲೂ ಗಂಡಿನ ಗ್ರಂಥಿಕೋಶಗಳ ನ್ಯೂಕ್ಲಿಯಸ್ ಸಹಜವಾಗಿಯೇ ದೊಡ್ಡದು. ನೀವು ಗಂಡು ಹೆಣ್ಣುಗಳನ್ನು ಬೆರೆಸಿ ಎಣಿಸಿದ್ದರೆ ಬೇರ್ಪಡಿಸಿ, ಅದೇ ಲಿಂಗದ, ಅದೇ ವಯಸ್ಸಿನ ಆರೋಗ್ಯವಂತ ಇಲಿಗಳ ಜೊತೆ ಹೋಲಿಸಿ ಮತ್ತೆ ಎಣಿಸಿ.