ಓದುಗರ ಪ್ರಶ್ನೆ, ನಮ್ಮ ಉತ್ತರ: ಜಪಾನಿನ ಹಳೆಯ ಗೇಮ್ ಕನ್ಸೋಲ್‌ಗಳನ್ನು ಕೂಡಿಡುವವರಿಗೆ

ಹಳೆಯ ವಿಡಿಯೊ ಗೇಮ್ ಯಂತ್ರಗಳ ಬಗ್ಗೆ ಮೈಸೂರು ಮತ್ತು ಮಂಡ್ಯ ಜಿಲ್ಲೆಯ ಓದುಗರಿಂದ ಬಂದ ಪತ್ರಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಪತ್ರಗಳನ್ನು ಸ್ಥಳಾವಕಾಶಕ್ಕೆ ತಕ್ಕಂತೆ ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ನನಗೆ ಇಪ್ಪತ್ತೇಳು ವರ್ಷ. ಖಾಸಗಿ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ಜಪಾನಿನ ಹಳೆಯ ಕನ್ಸೋಲ್‌ಗಳನ್ನು ಸಂಗ್ರಹಿಸಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಫ್ಯಾಮಿಕಾಮ್‌ನಿಂದ ಡ್ರೀಮ್‌ಕಾಸ್ಟ್‌ವರೆಗೆ ಎಲ್ಲವೂ ಬೇಕೆನಿಸುತ್ತದೆ. ಯಾವುದರಿಂದ ಆರಂಭಿಸಲಿ, ಎಲ್ಲಿ ಕೊಳ್ಳಲಿ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನೀವು ಹೆಸರಿಸಿರುವ ಎರಡು ಯಂತ್ರಗಳ ನಡುವೆ ಹದಿನೈದು ವರ್ಷಗಳ ಅಂತರವಿದೆ. ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಜಪಾನಿನ ಅಂಗಡಿಗಳಿಗೆ ಬಂದದ್ದು 1983ರ ಜುಲೈ 15ರಂದು, 14,800 ಯೆನ್ ಬೆಲೆಗೆ. ಸೇಗಾದ ಡ್ರೀಮ್‌ಕಾಸ್ಟ್ ಬಂದದ್ದು 1998ರ ನವೆಂಬರಿನಲ್ಲಿ. ಈ ಅವಧಿಯಲ್ಲಿ ಪಿಸಿ ಎಂಜಿನ್, ಮೆಗಾ ಡ್ರೈವ್, ಸೂಪರ್ ಫ್ಯಾಮಿಕಾಮ್, ಸ್ಯಾಟರ್ನ್, ಪ್ಲೇಸ್ಟೇಷನ್, ನಿಂಟೆಂಡೊ 64 ಎಲ್ಲವೂ ಬಂದುಹೋದವು, ಮತ್ತು ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಅಡಾಪ್ಟರ್, ಬೇರೆ ಕೇಬಲ್, ಬೇರೆ ಬಗೆಯ ರಿಪೇರಿ ಬೇಕು. ಎಲ್ಲವನ್ನೂ ಒಟ್ಟಿಗೆ ತರಿಸಿಕೊಂಡವರ ಮನೆಯಲ್ಲಿ ಸಾಮಾನ್ಯವಾಗಿ ಕಾಣುವುದು ಚಾಲೂ ಆಗದ ಯಂತ್ರಗಳ ಸಾಲು. ಆದ್ದರಿಂದ ಒಂದು ಯಂತ್ರವನ್ನು ಕೊಂಡು, ಅದರ ವಿದ್ಯುತ್ತು, ಟಿ.ವಿ. ಸಂಪರ್ಕ ಮತ್ತು ಕ್ಯಾಸೆಟ್‌ಗಳ ವಿಷಯ ಚೆನ್ನಾಗಿ ತಿಳಿದ ಮೇಲೆಯೇ ಎರಡನೆಯದಕ್ಕೆ ಕೈಹಾಕಿ.

ಮೊದಲ ಯಂತ್ರ ಯಾವುದೆಂದು ಕೇಳಿದರೆ ನಾವು ಹೇಳುವುದು ಗೇಮ್ ಬಾಯ್. ಗುನ್‌ಪೇ ಯೋಕೊಯಿ ಅವರ ತಂಡ ರೂಪಿಸಿದ ಈ ಕೈಯಂತ್ರ 1989ರ ಏಪ್ರಿಲ್ 21ರಂದು ಮಾರುಕಟ್ಟೆಗೆ ಬಂತು. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಓಡುತ್ತದೆ. ಪರದೆ ಅದರಲ್ಲೇ ಇರುವುದರಿಂದ ಟಿ.ವಿ.ಯ ತೊಡಕಿಲ್ಲ, ಗೋಡೆಯ ಪ್ಲಗ್ಗಿನ ಭಯವಿಲ್ಲ, ಜಪಾನಿನ ಕ್ಯಾಸೆಟ್ ಅಮೆರಿಕದ ಯಂತ್ರದಲ್ಲೂ ಅಮೆರಿಕದ್ದು ಜಪಾನಿನ ಯಂತ್ರದಲ್ಲೂ ನಡೆಯುತ್ತದೆ. ಇದೂ ಇದರ ನಂತರದ ಗೇಮ್ ಬಾಯ್ ಕಲರ್ ಕೂಡಿ ಜಗತ್ತಿನಾದ್ಯಂತ ಹನ್ನೊಂದು ಕೋಟಿಗೂ ಹೆಚ್ಚು ಮಾರಾಟವಾದ್ದರಿಂದ ಸೆಕೆಂಡ್ ಹ್ಯಾಂಡ್ ಯಂತ್ರಗಳಿಗೆ ಬರವಿಲ್ಲ. ಪರದೆಯಲ್ಲಿ ಮೇಲಿನಿಂದ ಕೆಳಗೆ ಕೆಲವು ಗೆರೆಗಳು ಕಾಣದಂತಾಗುವುದು ಇದರ ಸಾಮಾನ್ಯ ಕಾಯಿಲೆ. ಪರದೆಗೆ ಅಂಟಿರುವ ತೆಳುವಾದ ಕೇಬಲ್ ಪಟ್ಟಿಯ ಸಂಪರ್ಕ ಸಡಿಲವಾಗಿರುವುದು ಅದಕ್ಕೆ ಕಾರಣ. ಹದವಾದ ಬಿಸಿಯಲ್ಲಿ ಸೋಲ್ಡರಿಂಗ್ ಕಡ್ಡಿಯನ್ನು ಆ ಪಟ್ಟಿಯ ಮೇಲೆ ಮೆಲ್ಲಗೆ ಎಳೆದರೆ ಬಹಳ ಸಲ ಗೆರೆಗಳು ಮರಳಿ ಬರುತ್ತವೆ. ರೇಡಿಯೊ ರಿಪೇರಿ ಮಾಡುವ ಯಾರಾದರೂ ಇದನ್ನು ಮಾಡಿಕೊಡಬಲ್ಲರು.

ಕೊಳ್ಳುವ ಸ್ಥಳದ ಬಗ್ಗೆ: ಜಪಾನಿನ ಹರಾಜು ತಾಣಗಳು ಮತ್ತು ಹಳೆ ಸಾಮಾನಿನ ಅಂಗಡಿಗಳ ಪೈಕಿ ಅನೇಕ ಕಡೆ ನೇರವಾಗಿ ಭಾರತಕ್ಕೆ ಕಳುಹಿಸುವುದಿಲ್ಲ. ನಮ್ಮ ಪರವಾಗಿ ಅಲ್ಲೇ ಕೊಂಡು, ತಮ್ಮ ಗೋದಾಮಿನಲ್ಲಿಟ್ಟು, ಹಲವು ವಸ್ತುಗಳನ್ನು ಒಂದೇ ಪೆಟ್ಟಿಗೆಗೆ ಹಾಕಿ ಕಳುಹಿಸುವ ಮಧ್ಯವರ್ತಿ ಸಂಸ್ಥೆಗಳಿವೆ. ಅಲ್ಲಿನ ಮಾರಾಟಗಾರರು ‘ಜಂಕ್’ ಎಂದು ಗುರುತು ಹಾಕಿದ್ದರೆ, ಪರೀಕ್ಷೆ ಮಾಡಿಲ್ಲ, ಹಿಂದಕ್ಕೆ ಪಡೆಯುವುದಿಲ್ಲ ಎಂದು ಲೆಕ್ಕ. ರಿಪೇರಿ ಬಲ್ಲವರಿಗೆ ಅದು ಅಗ್ಗದ ದಾರಿ, ಹೊಸಬರಿಗೆ ಅಲ್ಲ. ವಸ್ತುವಿನ ಬೆಲೆಯನ್ನಷ್ಟೇ ನೋಡಿ ಸಂತೋಷಪಡಬೇಡಿ. ಜಪಾನಿನೊಳಗಿನ ಸಾಗಣೆ, ಮಧ್ಯವರ್ತಿಯ ಶುಲ್ಕ, ಅಂತರರಾಷ್ಟ್ರೀಯ ಸಾಗಣೆ, ಇವುಗಳ ಮೇಲೆ ನಮ್ಮ ಸೀಮಾಸುಂಕ ಮತ್ತು ಐಜಿಎಸ್‌ಟಿ ಸೇರುತ್ತವೆ. ಸುಂಕವನ್ನು ಸಾಗಣೆ ವೆಚ್ಚವೂ ಸೇರಿದ ಮೌಲ್ಯದ ಮೇಲೆ ಹಾಕುತ್ತಾರೆ, ಮತ್ತು ವಿದೇಶದಿಂದ ಅಂಚೆಯಲ್ಲಿ ಬರುವ ಉಡುಗೊರೆಗಿದ್ದ ವಿನಾಯಿತಿಯನ್ನು 2019ರ ಡಿಸೆಂಬರಿನಲ್ಲೇ ತೆಗೆದುಹಾಕಲಾಗಿದೆ; ‘ಗಿಫ್ಟ್ ಎಂದು ಬರೆಸಿ’ ಎನ್ನುವ ಗೆಳೆಯರ ಮಾತನ್ನು ಕೇಳಬೇಡಿ.

ಇನ್ನೊಂದು ಮಾತು. ಜಪಾನಿ ಆವೃತ್ತಿಯ ಆಟಗಳಲ್ಲಿ ಓಡುವ, ಹಾರುವ, ಗುಂಡು ಹಾರಿಸುವ ಆಟಗಳಿಗೆ ಭಾಷೆ ಬೇಕಿಲ್ಲ. ಕಥೆ ಮತ್ತು ಸಂಭಾಷಣೆಯ ಮೇಲೆ ನಡೆಯುವ ಆಟಗಳಿಗೆ ಬೇಕೇ ಬೇಕು. ಎಷ್ಟೋ ಆಟಗಳ ಹೆಸರನ್ನು ಜಪಾನಿ ಭಾಷೆಯ ಲಿಪಿಗಳಲ್ಲಿ ಒಂದಾದ ಕಟಕಾನದಲ್ಲಿ ಬರೆದಿರುತ್ತಾರೆ. ಅದರ ಮೂಲ ಅಕ್ಷರಗಳು ಸುಮಾರು 46. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ದಾಟಿ ಬಂದವರಿಗೆ ಇದು ಕಷ್ಟದ ಕೆಲಸವಲ್ಲ. ಲೇಬಲ್ ಓದಲು ಬಂದರೆ ಹರಾಜಿನಲ್ಲಿ ತಪ್ಪು ಕ್ಯಾಸೆಟ್‌ಗೆ ಬೆಲೆ ಕೂಗುವುದು ತಪ್ಪುತ್ತದೆ.

ಪ್ರಶ್ನೆ: ಜಪಾನಿನಲ್ಲಿ ಕೆಲಸ ಮಾಡುವ ನಮ್ಮ ಭಾವ ರಜೆಗೆ ಬಂದಾಗ ಒಂದು ಸೂಪರ್ ಫ್ಯಾಮಿಕಾಮ್ ತಂದುಕೊಟ್ಟಿದ್ದಾರೆ. ಅದರ ಅಡಾಪ್ಟರ್‌ನ ಚಪ್ಪಟೆ ಪಿನ್‌ಗೆ ಹೊಂದುವ ಮಲ್ಟಿಪ್ಲಗ್ ಅಂಗಡಿಯಲ್ಲಿ ಸಿಕ್ಕಿದೆ. ಹಾಗೆಯೇ ಹಾಕಬಹುದೇ? ನಮ್ಮ ಮನೆಯ ಟಿ.ವಿ.ಯಲ್ಲಿ ಚಿತ್ರ ಬರುವುದೇ?
— ಓದುಗರು, ಸುಭಾಷ್‌ನಗರ, ಮಂಡ್ಯ

ಉತ್ತರ: ದಯವಿಟ್ಟು ಹಾಕಬೇಡಿ. ಮಲ್ಟಿಪ್ಲಗ್ಗು ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಜಪಾನಿನ ಮನೆಗಳಿಗೆ ಬರುವುದು 100 ವೋಲ್ಟ್, ನಮ್ಮಲ್ಲಿ 230. ಆ ಅಡಾಪ್ಟರ್‌ನ ಒಳಗಿರುವುದು ತಂತಿ ಸುತ್ತಿದ ಹಳೆಯ ಮಾದರಿಯ ಟ್ರಾನ್ಸ್‌ಫಾರ್ಮರ್. ಒಳಗೆ ಎರಡು ಪಟ್ಟಿಗಿಂತ ಹೆಚ್ಚು ಕೊಟ್ಟರೆ ಹೊರಗೂ ಅದೇ ಪ್ರಮಾಣದಲ್ಲಿ ಹೆಚ್ಚು ಬರುತ್ತದೆ, ಕೆಲವೇ ನಿಮಿಷಗಳಲ್ಲಿ ಸುಟ್ಟ ವಾಸನೆಯೂ ಬರುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. 230ರಿಂದ 100 ವೋಲ್ಟಿಗೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳುವುದು ಮೊದಲನೆಯದು. ಕೊಳ್ಳುವಾಗ 110 ಅಲ್ಲ, 100 ಎಂದು ಒತ್ತಿ ಹೇಳಿ. ನಮ್ಮ ಅಂಗಡಿಗಳಲ್ಲಿ ಅಮೆರಿಕದ ಸಾಮಾನಿಗೆಂದು 110ರದ್ದನ್ನೇ ಇಟ್ಟಿರುತ್ತಾರೆ. ಮುಂದೆ ಪ್ಲೇಸ್ಟೇಷನ್, ಸ್ಯಾಟರ್ನ್ ಮುಂತಾದ, ವಿದ್ಯುತ್ ಭಾಗ ಒಳಗೇ ಇರುವ ಯಂತ್ರಗಳನ್ನು ಕೊಳ್ಳುವ ಯೋಚನೆಯಿದ್ದರೆ ಇದೇ ಸರಿ. ಎರಡನೆಯದು, ಮೂಲ ಅಡಾಪ್ಟರ್ ಪಕ್ಕಕ್ಕಿಟ್ಟು ನಮ್ಮಲ್ಲಿ ನಡೆಯುವ ಬದಲಿ ಅಡಾಪ್ಟರ್ ಬಳಸುವುದು. ಮೂಲ ಅಡಾಪ್ಟರ್‌ನ ಬೆನ್ನಿನ ಮೇಲೆ 10 ವೋಲ್ಟ್ ಡಿ.ಸಿ., 850 ಮಿಲಿಆಂಪಿಯರ್ ಎಂದು ಬರೆದಿದೆ. ಅದರ ಪಕ್ಕದಲ್ಲೇ ಒಂದು ಸಣ್ಣ ಚಿತ್ರ ಕಾಣುತ್ತದೆ: ಬಾಯಿ ತೆರೆದ ಉಂಗುರ, ಮಧ್ಯೆ ಒಂದು ಚುಕ್ಕಿ, ಚುಕ್ಕಿಯಿಂದ ಹೊರಟ ಗೆರೆ ಮೈನಸ್ ಚಿಹ್ನೆಗೆ ಹೋಗಿರುತ್ತದೆ. ಎಂದರೆ ಪಿನ್ನಿನ ಒಳಭಾಗ ಮೈನಸ್, ಹೊರಭಾಗ ಪ್ಲಸ್. ನಮ್ಮ ಬಜಾರಿನಲ್ಲಿ ಸಿಗುವ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ಇದಕ್ಕೆ ತದ್ವಿರುದ್ಧ, ತಿಳಿಯದೆ ಚುಚ್ಚಿದರೆ ಯಂತ್ರದ ಫ್ಯೂಸ್ ಹೋಗಬಹುದು. ಒಳಗೆ ಮೈನಸ್ ಇರುವ 9 ವೋಲ್ಟಿನ ಅಡಾಪ್ಟರ್ ಬೇಕಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಿಂತ ಗಿಟಾರ್ ಮಾರುವ ಅಂಗಡಿಯಲ್ಲಿ ವಿಚಾರಿಸಿ. ಗಿಟಾರಿನ ಎಫೆಕ್ಟ್ ಪೆಡಲ್‌ಗಳಿಗೆ ಬಳಸುವುದು ಅದೇ ಬಗೆಯದು, ಪಿನ್ನಿನ ಅಳತೆಯೂ ಕೂಡುತ್ತದೆ. ಯಂತ್ರದೊಳಗಿನ ರೆಗ್ಯುಲೇಟರ್ ಹೇಗಿದ್ದರೂ 5 ವೋಲ್ಟಿಗೆ ಇಳಿಸಿಕೊಳ್ಳುವುದರಿಂದ 9 ವೋಲ್ಟ್ ಸಾಕು. ಆದರೆ ಪೆಡಲ್ ಅಡಾಪ್ಟರ್‌ಗಳು ಎಷ್ಟೋ ಸಲ ಕಡಿಮೆ ಕರೆಂಟಿನವಾಗಿರುತ್ತವೆ. 850 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಹೆಚ್ಚು ಎಂದು ಬರೆದಿರುವುದನ್ನೇ ಕೊಳ್ಳಿ.

ಟಿ.ವಿ.ಯ ವಿಷಯ ಇಷ್ಟು ಭಯದ್ದಲ್ಲ. ಟಿ.ವಿ.ಗೆ ಬಣ್ಣದ ಚಿತ್ರ ಕಳುಹಿಸುವ ಪದ್ಧತಿ ಜಪಾನಿನದು ಎನ್‌ಟಿಎಸ್‌ಸಿ, ನಮ್ಮದು ಪಾಲ್. ಹಳದಿ, ಬಿಳಿ, ಕೆಂಪು ತಂತಿಗಳ ಎ.ವಿ. ಕಿಂಡಿ ಇರುವ ಈಗಿನ ಎಲ್‌ಇಡಿ ಟಿ.ವಿ.ಗಳಲ್ಲಿ ಹೆಚ್ಚಿನವು ಎರಡನ್ನೂ ಗುರುತಿಸುತ್ತವೆ. ಚಿತ್ರ ಕಪ್ಪುಬಿಳುಪಾಗಿ ಬಂದರೆ ಮೆನುವಿನಲ್ಲಿ ಕಲರ್ ಸಿಸ್ಟಮ್ ಅನ್ನು ಆಟೊಗೆ ಬದಲಿಸಿ ನೋಡಿ. ಎಚ್‌ಡಿಎಂಐ ಮಾತ್ರ ಇರುವ ಟಿ.ವಿ.ಗೆ ಪರಿವರ್ತಕ ಬೇಕು. ಅಗ್ಗದ ಪರಿವರ್ತಕಗಳಲ್ಲಿ ಬಟನ್ ಒತ್ತಿದ ಮೇಲೆ ಪರದೆಯಲ್ಲಿ ಆಟಗಾರ ನೆಗೆಯುವುದು ಕಣ್ಣಿಗೆ ಕಾಣುವಷ್ಟು ತಡವಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇವೆಲ್ಲಕ್ಕಿಂತ ಒಳ್ಳೆಯದು ಎ.ವಿ. ಕಿಂಡಿಯಿರುವ, ಎನ್‌ಟಿಎಸ್‌ಸಿ ಒಪ್ಪುವ ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ. ಗುಜರಿಯವರು ಅದನ್ನು ತೂಕಕ್ಕೆ ಕೊಡುವ ಕಾಲ ಇನ್ನೂ ಮುಗಿದಿಲ್ಲ. ಬೆಳಕಿನ ಬಂದೂಕಿನಿಂದ ಬಾತುಕೋಳಿ ಹೊಡೆಯುವಂಥ ಆಟಗಳಂತೂ ಪಿಕ್ಚರ್ ಟ್ಯೂಬ್ ಇಲ್ಲದೆ ನಡೆಯುವುದೇ ಇಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ತೊಂಬತ್ತರ ದಶಕದಲ್ಲಿ ದಸರಾ ವಸ್ತುಪ್ರದರ್ಶನದಲ್ಲಿ ಮಕ್ಕಳಿಗೆ ಕೊಡಿಸಿದ್ದ ಕೆಂಪು-ಬಿಳಿ ಬಣ್ಣದ ಗೇಮ್ ಯಂತ್ರ ಅಟ್ಟದ ಮೇಲೆ ಸಿಕ್ಕಿದೆ. ಇದು ಜಪಾನಿನ ಫ್ಯಾಮಿಕಾಮ್ ಎಂದೂ ಒಳ್ಳೆಯ ಬೆಲೆ ಬರುತ್ತದೆಂದೂ ಮೊಮ್ಮಗ ಹೇಳುತ್ತಾನೆ. ನಿಜವೇ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಬಹುಮಟ್ಟಿಗೆ ಅಲ್ಲ ಎಂದೇ ಹೇಳಬೇಕಾಗುತ್ತದೆ. ನಮ್ಮ ಊರುಗಳಲ್ಲಿ ಆಗ ಮಾರಾಟವಾದದ್ದು ಹೆಚ್ಚಾಗಿ ಫ್ಯಾಮಿಕಾಮ್‌ನ ನಕಲುಗಳು. ಪರೀಕ್ಷಿಸುವುದು ಸುಲಭ. ಅಸಲಿ ಫ್ಯಾಮಿಕಾಮ್‌ನ ಎರಡು ಕಂಟ್ರೋಲರ್‌ಗಳ ತಂತಿ ಯಂತ್ರದ ಹಿಂಭಾಗದೊಳಕ್ಕೇ ಹೋಗಿರುತ್ತದೆ, ಕಳಚಲು ಬರುವುದಿಲ್ಲ. ಎರಡನೆಯ ಕಂಟ್ರೋಲರ್‌ನಲ್ಲಿ ಸ್ಟಾರ್ಟ್, ಸೆಲೆಕ್ಟ್ ಬಟನ್‌ಗಳಿರುವುದಿಲ್ಲ. ಆ ಜಾಗದಲ್ಲಿ ಪುಟ್ಟ ಮೈಕ್ ಮತ್ತು ಧ್ವನಿ ಹೆಚ್ಚು-ಕಡಿಮೆ ಮಾಡುವ ಜಾರುಗುಂಡಿ ಇರುತ್ತದೆ. ನಿಮ್ಮದರಲ್ಲಿ ಕಂಟ್ರೋಲರ್‌ಗಳನ್ನು ಮುಂದೆ ಚುಚ್ಚಿ ತೆಗೆಯಬಹುದಾದರೆ, ಎರಡರಲ್ಲೂ ಒಂದೇ ತರಹದ ಬಟನ್‌ಗಳಿದ್ದರೆ, ಅದು ನಕಲು. ಮುಚ್ಚಳ ತೆರೆದರೆ ಹೆಸರು ಅಚ್ಚಾದ ಚಿಪ್‌ಗಳ ಬದಲು ಬೋರ್ಡಿನ ಮೇಲೆ ಗಟ್ಟಿಯಾದ ಕಪ್ಪು ಅಂಟಿನ ಉಂಡೆ ಕಾಣುವುದೂ ಉಂಟು.

ಹಾಗೆಂದು ಗುಜರಿಗೆ ಹಾಕಬೇಡಿ. ಇಂಥ ನಕಲುಗಳಲ್ಲಿ ಬಹುತೇಕವು ಜಪಾನಿನ 60 ಪಿನ್ನಿನ ಕ್ಯಾಸೆಟ್‌ಗೇ ಹೊಂದುವಂತೆ ತಯಾರಾದವು, ಜತೆಗೆ ನಮ್ಮ ಪಾಲ್ ಟಿ.ವಿ.ಗೆ ಹೊಂದುವ ಚಿತ್ರವನ್ನು ಕೊಡುತ್ತಿದ್ದವು. ಆದ್ದರಿಂದ ಅಸಲಿ ಫ್ಯಾಮಿಕಾಮ್ ಕ್ಯಾಸೆಟ್ ತರಿಸಿ ಅದರಲ್ಲೇ ಆಡಬಹುದು. 1983ರ ಅಸಲಿ ಯಂತ್ರ ಚಿತ್ರವನ್ನು ಕಳುಹಿಸುವುದು ಆಂಟೆನಾ ತಂತಿಯ ಮೂಲಕ, ಅದೂ ಜಪಾನಿನ ಚಾನೆಲ್‌ಗಳಲ್ಲಿ. ಅದನ್ನು ನಮ್ಮ ಟಿ.ವಿ.ಗೆ ಹೊಂದಿಸುವುದು ದೊಡ್ಡ ತಲೆನೋವು. ಎ.ವಿ. ತಂತಿಯಿರುವ ಫ್ಯಾಮಿಕಾಮ್ ಬೇಕೆಂದರೆ 1993ರ ಡಿಸೆಂಬರಿನಲ್ಲಿ ಬಂದ ಹೊಸ ಮಾದರಿಯನ್ನೇ ಹುಡುಕಬೇಕು, ಅದರ ಬೆಲೆ ಹೆಚ್ಚು. ನಿಮ್ಮ ಮೊಮ್ಮಗನಿಗೆ ಹಣದ ಆಸೆಗಿಂತ ಆಟದ ಆಸೆ ಇದ್ದರೆ ಅಟ್ಟದ ಯಂತ್ರವೇ ಸಾಕು.

ಪ್ರಶ್ನೆ: ಗೇಮ್ ಬಾಯ್‌ನ ಪೋಕೆಮಾನ್ ಕ್ಯಾಸೆಟ್ ಒಂದನ್ನು ಆನ್‌ಲೈನಿನಲ್ಲಿ ಕೊಂಡೆ. ಆಟ ಚೆನ್ನಾಗಿ ನಡೆಯುತ್ತದೆ, ಆದರೆ ಸೇವ್ ಮಾಡಿ ಆಫ್ ಮಾಡಿದರೆ ಮರುದಿನ ಏನೂ ಉಳಿದಿರುವುದಿಲ್ಲ. ಮಾರಿದವರು ಮೋಸ ಮಾಡಿದರೇ?
— ಓದುಗರು, ಮದ್ದೂರು

ಉತ್ತರ: ಅಸಲಿ ಕ್ಯಾಸೆಟ್‌ನಲ್ಲೂ ಹೀಗಾಗುತ್ತದೆ. ಆಟದ ಪ್ರಗತಿಯನ್ನು ಉಳಿಸಿಕೊಳ್ಳುವ ಮೆಮೊರಿಗೆ ಸದಾ ಅಲ್ಪ ಕರೆಂಟು ಬೇಕು; ಅದಕ್ಕೆಂದು ಒಳಗೆ ಒಂದು ಬಟನ್ ಸೆಲ್ಲನ್ನು ಬೆಸೆದಿರುತ್ತಾರೆ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪೋಕೆಮಾನ್ ಆಟಗಳ ಸೆಲ್ ಇಷ್ಟು ಹೊತ್ತಿಗೆ ಬರಿದಾಗಿದ್ದರೆ ಆಶ್ಚರ್ಯವಿಲ್ಲ. ಗಡಿಯಾರವೂ ಒಳಗಿರುವ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಸೆಲ್ ಇನ್ನೂ ಬೇಗ ಸಾಯುತ್ತದೆ. ಕ್ಯಾಸೆಟ್‌ನ ಹಿಂದಿನ ಸ್ಕ್ರೂ ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗದು; 3.8 ಮಿಲಿಮೀಟರಿನ ವಿಶೇಷ ಬಿಟ್ ತರಿಸಿಕೊಳ್ಳಿ. ತೆರೆದಾಗ ಬೋರ್ಡಿನ ಮೇಲೆ ನಿಂಟೆಂಡೊ ಹೆಸರು, ಸ್ಪಷ್ಟ ಅಕ್ಷರಗಳ ಚಿಪ್‌ಗಳು ಮತ್ತು ಲೋಹದ ಪಟ್ಟಿಯಿಂದ ಬೆಸೆದ ಸೆಲ್ ಕಂಡರೆ ಕ್ಯಾಸೆಟ್ ಅಸಲಿ, ಹೊಸ ಸೆಲ್ ಹಾಕಿಸಿ. ಹಳೆಯದನ್ನು ಕಿತ್ತ ಮೇಲೆ, ಅದರಲ್ಲಿ ಇನ್ನೂ ಏನಾದರೂ ಉಳಿದಿದ್ದರೂ ಅದು ಅಳಿಸಿಹೋಗುತ್ತದೆ. ಸೆಲ್ಲಿನ ಮೈಗೆ ನೇರವಾಗಿ ಬಿಸಿ ಕಡ್ಡಿ ತಾಗಿಸಿದರೆ ಸಿಡಿಯುವ ಅಪಾಯವಿರುವುದರಿಂದ ಪಟ್ಟಿ ಅಂಟಿಸಿಯೇ ಬಂದಿರುವ ಸೆಲ್ಲನ್ನು ಕೊಳ್ಳಿ. ಕಪ್ಪು ಅಂಟಿನ ಉಂಡೆ ಕಂಡರೆ ಮಾತ್ರ ನಿಮ್ಮ ಅನುಮಾನ ಸರಿ. ಹಣ ವಾಪಸು ಕೇಳಿ.

ಪ್ರಶ್ನೆ: ನಮ್ಮ ಮನೆ ಗದ್ದೆಯ ಪಕ್ಕದಲ್ಲೇ ಇರುವುದರಿಂದ ಮಳೆಗಾಲದಲ್ಲಿ ಥಂಡಿ, ಬೇಸಿಗೆಯಲ್ಲಿ ಧೂಳು. ಮೂರು ಯಂತ್ರಗಳಿವೆ: ಮೆಗಾ ಡ್ರೈವ್, ಸೂಪರ್ ಫ್ಯಾಮಿಕಾಮ್ ಮತ್ತು ಗೇಮ್ ಗಿಯರ್. ಹೇಗೆ ಕಾಪಾಡಲಿ? ಸೂಪರ್ ಫ್ಯಾಮಿಕಾಮ್‌ನ ಮೇಲ್ಭಾಗ ಹಳದಿಯಾಗುತ್ತಿದೆ.
— ಓದುಗರು, ಪಾಂಡವಪುರ

ಉತ್ತರ: ಹಳದಿಯಾಗುವುದು ಪ್ಲಾಸ್ಟಿಕ್ಕಿನ ಗುಣ, ಬಿಸಿಲು ಅದನ್ನು ಬೇಗ ಮಾಡುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬೆಳ್ಳಗೆ ಮಾಡುವ ವಿಧಾನವೊಂದು ಪ್ರಚಾರದಲ್ಲಿದೆ, ಆದರೆ ಬಣ್ಣ ಅಲ್ಲಲ್ಲಿ ಮಚ್ಚೆಯಾಗಬಹುದು, ಕೆಲವು ಕಾಲದ ನಂತರ ಹಳದಿ ಮರಳಲೂಬಹುದು. ಕಿಟಕಿಯಿಂದ ದೂರವಿಟ್ಟು, ಇದ್ದ ಬಣ್ಣವನ್ನು ಒಪ್ಪಿಕೊಳ್ಳುವುದೇ ನಮಗೆ ಸರಿಯೆನಿಸುತ್ತದೆ.

ಥಂಡಿಗೆ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಮತ್ತು ಸಿಲಿಕಾ ಜೆಲ್ ಪೊಟ್ಟಣಗಳು ಸಾಕು. ಕ್ಯಾಸೆಟ್ ಓದದಿದ್ದರೆ ಬಾಯಿಂದ ಊದುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಉಸಿರಿನ ತೇವ ಪಿನ್ನುಗಳನ್ನು ಕಿಲುಬು ಹಿಡಿಸುತ್ತದೆ, ಬಿಟ್ಟುಬಿಡಿ. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ನಿಮ್ಮ ಮೂರರಲ್ಲಿ ತುರ್ತಾಗಿ ನೋಡಬೇಕಾದದ್ದು ಗೇಮ್ ಗಿಯರ್. 1990ರಲ್ಲಿ ಬಂದ ಈ ಯಂತ್ರದಲ್ಲಿ ಬಳಸಿದ ಪುಟ್ಟ ಕೆಪಾಸಿಟರ್‌ಗಳು (ವಿದ್ಯುತ್ತನ್ನು ತುಸುಹೊತ್ತು ಹಿಡಿದಿಡುವ ಬಿಡಿಭಾಗಗಳು) ಕಾಲಕ್ರಮೇಣ ಸೋರುತ್ತವೆ. ಸೋರಿದ ದ್ರವ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಧ್ವನಿ ಕ್ಷೀಣವಾಗಿದ್ದರೆ, ಪರದೆ ಮಂಕಾಗಿದ್ದರೆ, ತೆರೆದಾಗ ಮೀನಿನಂಥ ವಾಸನೆ ಬಂದರೆ ಸೋರಿಕೆ ಶುರುವಾಗಿದೆ ಎಂದರ್ಥ. ಡಬ್ಬದಲ್ಲಿ ಎಷ್ಟು ಜೋಪಾನವಾಗಿಟ್ಟರೂ ಇದು ನಿಲ್ಲುವುದಿಲ್ಲ, ಎಲ್ಲ ಕೆಪಾಸಿಟರ್‌ಗಳನ್ನೂ ಒಂದೇ ಸಲ ಬದಲಿಸಬೇಕು. ಮೊಬೈಲ್ ಬೋರ್ಡ್ ಮಟ್ಟದ ರಿಪೇರಿ ಮಾಡುವವರಿಗೆ ಈ ಕೆಲಸ ಬರುತ್ತದೆ. ಕೊಡುವ ಮೊದಲು ಪ್ರತಿ ಕೆಪಾಸಿಟರ್‌ನ ಮೌಲ್ಯ ಮತ್ತು ಪ್ಲಸ್-ಮೈನಸ್ ದಿಕ್ಕು ಕಾಣುವಂತೆ ಬೋರ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ, ಮತ್ತು ಆರು ಪೆನ್ಸಿಲ್ ಸೆಲ್‌ಗಳನ್ನೂ ಯಂತ್ರದಿಂದ ಹೊರಗೆ ತೆಗೆದು ಕೊಡಿ.