ಸುಕ್ಕಾ ಚಪ್ಪರದ ಸರಪಳಿಯನ್ನು ಮಗುವೇ ಅಂಟಿಸಲಿ

ಪತ್ರ: ಇಸ್ರೇಲಿನ ಹೈಫಾ ನಗರದಲ್ಲಿ ವೃದ್ಧೆಯೊಬ್ಬರ ಆರೈಕೆಯ ಕೆಲಸದಲ್ಲಿರುವ, ಉಡುಪಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಯೆಹೂದಿಗಳ ಸುಕ್ಕೋತ್ ಸುಗ್ಗಿಹಬ್ಬಕ್ಕೆ ಈ ಮನೆಯವರು ತೆರೆದ ಬಾಲ್ಕನಿಯಲ್ಲಿ ಸುಕ್ಕಾ ಎಂಬ ಚಪ್ಪರ ಹಾಕುತ್ತಾರೆ. ಕಳೆದ ವರ್ಷ ಆರು ವರ್ಷದ ಮೊಮ್ಮಗ ಅಂಟಿಸಿದ್ದ ಕಾಗದದ ಸರಪಳಿ ಓರೆಕೋರೆಯಾಗಿದೆಯೆಂದು ಅವನ ತಾಯಿ ಬಿಚ್ಚಿಹಾಕಿ, ಅಂಗಡಿಯ ಬೇಗಡೆ ಹಾರ ಕಟ್ಟಿದರು. ಈ ಸಲ ಮಕ್ಕಳಿಂದ ಏನಾದರೂ ಮಾಡಿಸೆಂದು ಅಜ್ಜಿ ನನಗೆ ಹೇಳಿದ್ದಾರೆ. ದಾಳಿಂಬೆ, ದ್ರಾಕ್ಷಿಗಳ ಸಿದ್ಧ ಚಿತ್ರಗಳನ್ನು ಪ್ರಿಂಟ್ ತೆಗೆದು ಬಣ್ಣ ತುಂಬಿಸಿದರೆ ಸಾಕಲ್ಲವೇ? ಗಲೀಜೂ ಆಗದು, ನೋಡಲೂ ಚೆಂದ.”

ಸಂಪಾದಕರ ಉತ್ತರ:

ಸೋದರಿ, ದೂರದೇಶದಲ್ಲಿ ದುಡಿಯುತ್ತ, ಇನ್ನೊಬ್ಬರ ಮನೆಯ ಹಬ್ಬಕ್ಕೂ ಇಷ್ಟು ಆಸ್ಥೆ ತೋರುವ ನಿಮ್ಮ ಮನಸ್ಸು ದೊಡ್ಡದು. ಆದರೆ ನಿಮ್ಮ ಪತ್ರದ ಕೊನೆಯ ಮಾತನ್ನು ನಾನು ಒಪ್ಪಲಾರೆ.

ಆ ತಾಯಿಯ ಕಷ್ಟ ನನಗೆ ತಿಳಿಯದ್ದಲ್ಲ. ಪಾಪಪರಿಹಾರದ ದಿನವಾದ ಯೋಮ್ ಕಿಪ್ಪುರ್‌ನ ಉಪವಾಸ ಮುಗಿದರೆ ಸುಕ್ಕೋತ್‌ಗೆ ನಡುವೆ ಉಳಿಯುವುದು ನಾಲ್ಕೇ ದಿನ. ಅಷ್ಟರಲ್ಲಿ ಚಪ್ಪರ ಏಳಬೇಕು, ಅಡುಗೆಗೆ ಅಣಿಯಾಗಬೇಕು. ಮಳೆ ಹನಿದರೆ ಕಾಗದ ನೆನೆದುಹೋಗುತ್ತದೆ, ಬೇಗಡೆ ಉಳಿಯುತ್ತದೆ. ಇದೆಲ್ಲ ಸರಿಯೇ.

ಆದರೂ ಮಗು ಕಟ್ಟಿದ್ದನ್ನು ಬಿಚ್ಚಬಾರದಿತ್ತು. ಸುಕ್ಕಾವನ್ನು ಸಿಂಗರಿಸುವ ಪದ್ಧತಿ ಬಹಳ ಹಳೆಯದು. ಯೆಹೂದಿಗಳ ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್‌ನ ಸುಕ್ಕಾ ಎಂಬ ಭಾಗದಲ್ಲಿ ಚಪ್ಪರಕ್ಕೆ ತೂಗುಹಾಕುವ ಅಲಂಕಾರಗಳ ಪಟ್ಟಿಯೇ ಇದೆ: ಬಣ್ಣದ ಬಟ್ಟೆಗಳು, ಬಾದಾಮಿ, ದಾಳಿಂಬೆ, ದ್ರಾಕ್ಷಿಗೊಂಚಲು, ತೆನೆಗಳ ಹಾರ. ಒಮ್ಮೆ ತೂಗುಹಾಕಿದ ಮೇಲೆ ಹಬ್ಬದ ಕೊನೆಯ ದಿನ ಮುಗಿಯುವವರೆಗೆ ಅವನ್ನು ಬೇರೆ ಉಪಯೋಗಕ್ಕೆ ತೆಗೆದುಕೊಳ್ಳಬಾರದೆಂದೂ ಅಲ್ಲಿ ಹೇಳಿದೆ. ತೂಗುವ ದಾಳಿಂಬೆಗೆ ಅಷ್ಟು ಮರ್ಯಾದೆ ಕೊಟ್ಟ ಪರಂಪರೆಯಲ್ಲಿ ಆರು ವರ್ಷದ ಬಾಲಕನ ಸರಪಳಿಗೆ ಏಳು ದಿನದ ಜಾಗ ಸಿಗದೇ ಹೋದದ್ದು ನನಗೆ ನಿಜಕ್ಕೂ ನೋವು ತಂದಿತು.

ಕಾಗದವೂ ಈ ಜನರಿಗೆ ಹೊಸತಲ್ಲ. ಪೋಲೆಂಡ್ ಮತ್ತು ಸುತ್ತಲಿನ ಸೀಮೆಗಳ ಯೆಹೂದಿಗಳು 18 ಮತ್ತು 19ನೇ ಶತಮಾನಗಳಲ್ಲಿ ಕಾಗದವನ್ನು ಮಡಿಸಿ, ಚಾಕುವಿನಿಂದ ಕೊರೆದು, ಸಿಂಹ, ಜಿಂಕೆ, ಬಳ್ಳಿಗಳನ್ನು ಬಿಡಿಸುತ್ತಿದ್ದರು. ಅವರಲ್ಲಿ ಅನೇಕರು ಪಾಠಶಾಲೆಯ ವಿದ್ಯಾರ್ಥಿಗಳು, ಉಪಾಧ್ಯಾಯರು. ಕಲಾವಿದರೆಂಬ ಹೆಸರೂ ಅವರಿಗಿರಲಿಲ್ಲ. ಸುಕ್ಕೋತ್‌ನ ಬೆನ್ನಿಗೇ ಬರುವ ಸಿಮ್ಹಾತ್ ತೋರಾ ಎಂಬ ಧರ್ಮಗ್ರಂಥದ ಸಂಭ್ರಮದ ಹಬ್ಬಕ್ಕೆ ಮಕ್ಕಳ ಕೈಯಲ್ಲಿ ಕಾಗದದ ಬಾವುಟವಿರುತ್ತಿತ್ತು, ಅದರ ಕೋಲಿನ ತುದಿಗೆ ಸೇಬು ಸಿಕ್ಕಿಸಿರುತ್ತಿದ್ದರು. ಇನ್ನು ಜರ್ಮನಿಯಲ್ಲಿ 1837ರಲ್ಲಿ ಮಕ್ಕಳ ಶಾಲೆ ತೆರೆದ ಶಿಕ್ಷಣತಜ್ಞ ಫ್ರೊಬೆಲ್, ಕಾಗದ ಮಡಿಸುವುದು, ಕತ್ತರಿಸುವುದು, ಹೆಣೆಯುವುದನ್ನು ಕಲಿಕೆಯ ಭಾಗವೆಂದೇ ಎಣಿಸಿದ್ದರು. ಅವರಿಗೆ ಬೇಕಿದ್ದದ್ದು ಕೈಯ ಅಭ್ಯಾಸ.

ಇಲ್ಲಿ ನಮ್ಮಲ್ಲಿಯೂ ಈ ಅಭ್ಯಾಸದ ಕೊರತೆಯನ್ನು ನೋಡಿ ನನಗೆ ಬೇಸರವಾಗಿದೆ. ಶಾಲೆಯೊಂದರ ಕರಕುಶಲ ಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದಾಗ, ಮೇಜಿನ ಮೇಲಿದ್ದ ಬಹುಪಾಲು ವಸ್ತುಗಳು ಅಪ್ಪ ಅಮ್ಮಂದಿರ ಕೈಯವೆಂದು ನೋಡಿದೊಡನೆ ತಿಳಿಯುತ್ತಿತ್ತು. ಅಂಟು ಮೆತ್ತಿಕೊಂಡು ಸೊಟ್ಟಗಿದ್ದ ಒಂದೇ ಒಂದು ಕಾಗದದ ಹಕ್ಕಿಯನ್ನು ಮೂಲೆಗೆ ತಳ್ಳಿದ್ದರು. ನಾನು ಬಹುಮಾನ ಕೊಟ್ಟದ್ದು ಆ ಹಕ್ಕಿಗೇ, ಸಂಘಟಕರ ಮುಖ ಸಪ್ಪಗಾಯಿತು. ನೀಟಾಗಿದೆಯೇ ಎಂಬುದೊಂದೇ ಪ್ರಶ್ನೆಯಿಂದ ಮಕ್ಕಳ ಕೆಲಸವನ್ನು ಅಳೆಯುವ ಚಟ ಹಿರಿಯರಲ್ಲಿ ಬೆಳೆದಿದೆ. ಬಣ್ಣ ತುಂಬುವ ಸಿದ್ಧ ಹಾಳೆಗಳು ಆ ಚಟದಿಂದಲೇ ಹುಟ್ಟಿದವು. ಬೇರೆಯವರು ಎಳೆದ ಗೆರೆಯೊಳಗೆ ಬಣ್ಣ ತುಂಬಿದ ಮಗು ದಾಳಿಂಬೆಯನ್ನು ನೋಡಿಯೇ ಇರುವುದಿಲ್ಲ.

ಆದ್ದರಿಂದ ದಯವಿಟ್ಟು ಹೀಗೆ ಮಾಡಿ. ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಕಾಯಿಸಿ ಅಂಟು ಮಾಡಿಕೊಡಿ. ಒಂದೂವರೆ ಬೆರಳಗಲ, ಒಂದು ಗೇಣುದ್ದದ ಬಣ್ಣದ ಪಟ್ಟಿಗಳನ್ನು ಹುಡುಗನೇ ಕತ್ತರಿಸಲಿ, ಅಗಲ ಹೆಚ್ಚುಕಡಿಮೆಯಾದರೆ ಆಗಲಿ. ಒಂದರೊಳಗೊಂದು ಉಂಗುರ ತೂರಿಸಿ ಅಂಟಿಸುವುದನ್ನು ಒಮ್ಮೆ ತೋರಿಸಿ ಸುಮ್ಮನಿರಿ. ಮೇಜಿನ ಮೇಲೆ ನಿಜವಾದ ದಾಳಿಂಬೆಯೊಂದನ್ನಿಟ್ಟು, ಕೆಂಪು ಕಾಗದವನ್ನು ಎರಡಾಗಿ ಮಡಿಸಿ ಅರ್ಧ ಆಕಾರ ಕತ್ತರಿಸಲು ಹೇಳಿ. ಬಿಚ್ಚಿದಾಗ ಕಿರೀಟದ ಸಮೇತ ಪೂರ್ತಿ ಹಣ್ಣು ಬರುತ್ತದೆ. ಹಸಿರು ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿದರೆ ಹಬ್ಬದಲ್ಲಿ ಕೈಯಲ್ಲಿ ಹಿಡಿಯುವ ಖರ್ಜೂರದ ಎಳೆಗರಿ ಲುಲಾವ್ ಆಗುತ್ತದೆ. ಅದಕ್ಕೆ ಹದಾಸ್ ಎಂಬ ಸುಗಂಧದ ಗಿಡದ (ಮರ್ಟಲ್) ಮೂರು ಕಡ್ಡಿ, ಅರಾವಾ ಎಂಬ ವಿಲ್ಲೋ ಮರದ ಎರಡು ಕಡ್ಡಿ ಸೇರಿಸಿ ಕಟ್ಟಲಿ, ಹಳದಿ ಕಾಗದವನ್ನು ಮುದುಡಿ ಎತ್ರೋಗ್ ಎಂಬ ಮಾದಲ ಹಣ್ಣು ಮಾಡಲಿ. ಹಬ್ಬದ ಏಳು ದಿನಕ್ಕೆ ಬರುವರೆಂದು ನಂಬುವ, ಬೈಬಲಿನ ಹಿರಿಯರಾದ ಅಬ್ರಹಾಮ, ಇಸಾಕ, ಯಾಕೋಬ, ಮೋಶೆ, ಆರೋನ, ಯೋಸೇಫ, ದಾವೀದರೆಂಬ ಏಳು ಅತಿಥಿಗಳಿಗೆ ದಿನಕ್ಕೊಂದರಂತೆ ಏಳು ಹಾಳೆ ಕೊಡಿ. ಮೋಶೆಯ ಗಡ್ಡ ನೇರಳೆಯಾದರೂ ತಿದ್ದಬೇಡಿ.

ಆಚಾರವಂತರ ಮನೆಯಾದರೆ ಒಂದು ಎಚ್ಚರಿಕೆ: ಹಬ್ಬ ಸೂರ್ಯಾಸ್ತಕ್ಕೆ ಆರಂಭವಾಗುತ್ತದೆ, ಮೊದಲ ದಿನ ಕತ್ತರಿಸುವುದು, ಅಂಟಿಸುವುದು, ಬರೆಯುವುದು ನಿಷಿದ್ಧ. ಆದ್ದರಿಂದ ಕೆಲಸವನ್ನೆಲ್ಲ ಮುಂಚೆಯೇ ಮುಗಿಸಿ. ಮೇಲ್ಛಾವಣಿ ನೆಲದಲ್ಲಿ ಬೆಳೆದ ಸೊಪ್ಪುಸದೆಯದೇ ಆಗಬೇಕು, ಕಾಗದ ಅದರ ಕೆಳಗೆ ತೂಗಬೇಕು. ಕಟ್ಟುವಾಗ ಅಜ್ಜಿಯನ್ನು ಹತ್ತಿರ ಕೂರಿಸಿಕೊಳ್ಳಿ. ಅವರು ಎದುರಿಗಿದ್ದರೆ ಈ ಸಲ ಯಾರೂ ಬಿಚ್ಚುವುದಿಲ್ಲ.