ಭಯದ ಆಟ, ಡೌನ್‌ಲೋಡ್ ಪಾಠ: ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ

ಕಥೆಯ ಜೋರಿನ ಮೇಲೆಯೇ ಹೆದರಿಸುವ ಸೈಕಲಾಜಿಕಲ್ ಹಾರರ್ ಆಟಗಳ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಂಥ ಆಟಗಳು ಈಗ ಹೆಚ್ಚಾಗಿ ಡಿಜಿಟಲ್ ರೂಪದಲ್ಲೇ ಬಿಡುಗಡೆಯಾಗುತ್ತಿವೆ. ಹಾಗಾಗಿ ಇಳಿಸಿಕೊಳ್ಳುವುದು, ಪರೀಕ್ಷಿಸುವುದು, ಕಾಪಾಡಿಕೊಳ್ಳುವುದು ಎಲ್ಲವೂ ಆಡುವವರ ಹೆಗಲಿಗೇ ಬಿದ್ದಿದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇದೆ. ಹೊಸ ‘ಸೈಲೆಂಟ್ ಹಿಲ್ 2’ ಓಡುತ್ತದೆಯೇ? ಇಲ್ಲವೆಂದರೆ ಬೇರೆ ಯಾವುದು ಆಡಬಹುದು?
– ಇಂಜಿನಿಯರಿಂಗ್ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಈ ಯಂತ್ರಕ್ಕೆ ಅದನ್ನು ಕೊಳ್ಳಬೇಡಿ. 2024ರ ಅಕ್ಟೋಬರ್ 8ರಂದು ಬಂದ ಆ ಆಟ ಕನಿಷ್ಠ ಅಂತಲೇ ಜಿಟಿಎಕ್ಸ್ 1070 ಟಿಐ, 16 ಜಿಬಿ ರ‍್ಯಾಮ್, 50 ಜಿಬಿ ಜಾಗ ಕೇಳುತ್ತದೆ. ಗ್ರಾಫಿಕ್ಸ್ ತಗ್ಗಿಸಿ ಹೇಗೋ ತೆರೆದೀರಿ. ಆದರೆ ಮಂಜಿನೊಳಗೆ ನಡೆಯುವಾಗ ಚಿತ್ರ ತಡೆತಡೆದು ಬಂದರೆ ಭಯ ಅಲ್ಲೇ ಸತ್ತುಹೋಗುತ್ತದೆ. ‘ಅಲನ್ ವೇಕ್ 2’ ಇನ್ನೂ ದೂರದ ಮಾತು. ಬಿಡುಗಡೆಯ ಹೊತ್ತಿಗೆ ಅದು ಕನಿಷ್ಠ ಆರ್‌ಟಿಎಕ್ಸ್ 2060 ಮತ್ತು ಎಸ್‌ಎಸ್‌ಡಿಯಲ್ಲಿ 90 ಜಿಬಿ ಕೇಳಿತ್ತು.

ನಿಮ್ಮ ಯಂತ್ರಕ್ಕೆ ಹೇಳಿ ಮಾಡಿಸಿದ್ದು ನಿಂಜಾ ಥಿಯರಿಯವರ 2017ರ ‘ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್’. 2 ಜಿಬಿಯ ಜಿಟಿಎಕ್ಸ್ 770, 8 ಜಿಬಿ ರ‍್ಯಾಮ್, 30 ಜಿಬಿ ಜಾಗ ಇದ್ದರೆ ಅದು ಓಡುತ್ತದೆ. ಮಾನಸಿಕ ಕಾಯಿಲೆಯಿಂದ ನರಳುವ ಹೆಣ್ಣುಮಗಳೊಬ್ಬಳ ತಲೆಯೊಳಗಿನ ಧ್ವನಿಗಳೇ ಅದರ ಕಥೆ. ಕೇಂಬ್ರಿಡ್ಜ್‌ನ ಮನೋವೈದ್ಯ ಪಾಲ್ ಫ್ಲೆಚರ್ ಅವರ ಸಲಹೆ ಪಡೆದು ಮಾಡಿದ್ದರಿಂದ ಅಲ್ಲಿ ಕಾಯಿಲೆ ತಮಾಷೆಯ ವಸ್ತುವಾಗಿಲ್ಲ. ಎರಡನೆಯದು ಫ್ರಿಕ್ಷನಲ್ ಗೇಮ್ಸ್‌ನ ‘ಸೋಮಾ’ (2015), 25 ಜಿಬಿ. ಗ್ರಾಫಿಕ್ಸ್ ಕಾರ್ಡೇ ಇಲ್ಲದವರು ತೈವಾನಿನ ‘ಡಿಟೆನ್ಷನ್’ (2017) ನೋಡಿ. 1960ರ ದಶಕದ ಮಿಲಿಟರಿ ಕಾನೂನಿನ ಕಾಲದ ಒಂದು ಶಾಲೆ ಅದರ ಭೂಮಿಕೆ. ಅಷ್ಟು ಸಣ್ಣ ಆಟ ಅಷ್ಟು ಆಳಕ್ಕೆ ಇಳಿದದ್ದು ಅಪರೂಪ.

ಖರ್ಚು ಮಾಡುವುದಿದ್ದರೆ ಮೊದಲು ರ‍್ಯಾಮ್ ಹಾಕಿಸಿ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ಅಂತ ಹೋದರೆ ಎಷ್ಟು ಸ್ಲಾಟ್ ಖಾಲಿ ಇದೆ, ಈಗಿರುವುದರ ವೇಗವೆಷ್ಟು ಎಂದು ಕಾಣುತ್ತದೆ. ಅದೇ ವೇಗದ ಇನ್ನೊಂದು 8 ಜಿಬಿ ಸ್ಟಿಕ್ ಸಾಕು. ಇನ್ನು ಬಳ್ಳಾರಿ ಬೇಸಿಗೆ. ಪ್ರೊಸೆಸರ್ 95 ಡಿಗ್ರಿ ಆಸುಪಾಸು ಮುಟ್ಟಿದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಅರ್ಧ ಗಂಟೆ ಚೆನ್ನಾಗಿ ಓಡಿದ ಆಟ ಆಮೇಲೆ ಎಳೆಯತೊಡಗಿದರೆ ಕಾರಣ ಇದೇ. ಲ್ಯಾಪ್‌ಟಾಪಿನ ಹಿಂಭಾಗವನ್ನು ಎರಡು ಇಂಚು ಎತ್ತಿಡಿ, ಫ್ರೇಮ್ ರೇಟನ್ನು (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 40ಕ್ಕೆ ಕಟ್ಟಿಹಾಕಿ, ಫ್ಯಾನಿನ ಧೂಳು ತೆಗೆಸಿ. ಈ ಆಟಗಳಲ್ಲಿ ಗುರಿ ಇಟ್ಟು ಹೊಡೆಯುವ ಅವಸರ ಕಡಿಮೆ. ಏರಿಳಿತವಿಲ್ಲದ 40 ಫ್ರೇಮು ಕುಣಿಯುವ 60ಕ್ಕಿಂತ ಮೇಲು.

ಪ್ರಶ್ನೆ: ನಮ್ಮಲ್ಲಿ ಫೈಬರ್ ಇಲ್ಲ. ಮೊಬೈಲಿನ ದಿನಕ್ಕೆ 2 ಜಿಬಿಯಲ್ಲಿ 50 ಜಿಬಿ ಆಟ ಇಳಿಸೋದು ಹೆಂಗೆ?
– ಕುಷ್ಟಗಿ ತಾಲೂಕಿನ ಓದುಗರು

ಉತ್ತರ: ಲೆಕ್ಕ ಹಾಕಿದರೆ 25 ದಿನ. ಅಷ್ಟರಲ್ಲಿ ಎರಡು ಅಪ್‌ಡೇಟು ಬಂದಿರುತ್ತವೆ. ಕೊಪ್ಪಳದಲ್ಲೋ ಹೊಸಪೇಟೆಯಲ್ಲೋ 40 ಎಂಬಿಪಿಎಸ್ ಫೈಬರ್ ಇರುವ ಗೆಳೆಯರ ಮನೆಯಲ್ಲಿ ಅದೇ ಕೆಲಸ ಮೂರು ತಾಸಿನೊಳಗೆ ಮುಗಿಯುತ್ತದೆ. ಆದ್ದರಿಂದ ಡಿಸ್ಕಿನಲ್ಲಿ ಹೊತ್ತು ತನ್ನಿ.

ಎಕ್ಸ್‌ಟರ್ನಲ್ ಡಿಸ್ಕನ್ನು ಮೊದಲು ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ. ಹಳೆಯ ಪೆನ್‌ಡ್ರೈವ್‌ಗಳು ಫ್ಯಾಟ್32ರಲ್ಲಿರುತ್ತವೆ, ಅದರಲ್ಲಿ 4 ಜಿಬಿ ದಾಟಿದ ಫೈಲ್ ಕೂರುವುದಿಲ್ಲ. ಹೆಚ್ಚಿನವರ ಕಾಪಿ ಅರ್ಧಕ್ಕೆ ನಿಲ್ಲುವುದು ಇಲ್ಲೇ. ಗೆಳೆಯರ ಕಂಪ್ಯೂಟರಿನಲ್ಲಿ ನಿಮ್ಮ ಸ್ಟೀಮ್ (ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ) ಖಾತೆಯಿಂದ ಒಳಹೋಗಿ, ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ಆ ಡಿಸ್ಕನ್ನು ಸೇರಿಸಿ, ಆಟವನ್ನು ನೇರ ಅದರೊಳಗೇ ಇನ್‌ಸ್ಟಾಲ್ ಮಾಡಿ. ಮುಗಿದಮೇಲೆ ಸೈನ್ ಔಟ್ ಆಗಲು ಮರೆಯಬೇಡಿ.

ಮನೆಗೆ ಬಂದು, ಡಿಸ್ಕಿನ ‘ಸ್ಟೀಮ್‌ಆ್ಯಪ್ಸ್’ ಒಳಗಿನ ‘ಕಾಮನ್’ ಫೋಲ್ಡರಿನಲ್ಲಿರುವ ಆಟದ ಫೋಲ್ಡರನ್ನು, ಹೆಸರು ಬದಲಿಸದೆ, ನಿಮ್ಮ ಕಂಪ್ಯೂಟರಿನ ಅದೇ ಜಾಗಕ್ಕೆ ನಕಲು ಮಾಡಿ. ನಕಲು ಪೂರ್ತಿ ಮುಗಿದಮೇಲೆಯೇ ಸ್ಟೀಮ್‌ನಲ್ಲಿ ಇನ್‌ಸ್ಟಾಲ್ ಒತ್ತಿ. ಇರುವ ಫೈಲುಗಳನ್ನು ಅದು ತಾನೇ ಹುಡುಕಿ, ಕೊರತೆ ಇರುವಷ್ಟನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಮೊದಲು ಇನ್‌ಸ್ಟಾಲ್ ಒತ್ತಿ ಆಮೇಲೆ ನಕಲು ಮಾಡಲು ಹೊರಟರೆ 50 ಜಿಬಿಯೂ ಮೊದಲಿನಿಂದ ಇಳಿಯತೊಡಗುತ್ತದೆ, ಎಚ್ಚರ.

ಮೊದಲ ಸಲ ತೆರೆಯಲು ಇಂಟರ್ನೆಟ್ ಬೇಕೇ ಬೇಕು. ಮೊಬೈಲ್ ಹಾಟ್‌ಸ್ಪಾಟ್ ಸಾಕಾಗುತ್ತದೆ. ಒಮ್ಮೆ ತೆರೆದು ಮುಚ್ಚಿದಮೇಲೆ ಆಫ್‌ಲೈನ್ ಮೋಡ್‌ಗೆ ಹೋಗಿ. ಆಟದ ಪ್ರಾಪರ್ಟೀಸ್‌ನಲ್ಲಿ ‘ತೆರೆದಾಗ ಮಾತ್ರ ಅಪ್‌ಡೇಟ್’ ಎಂಬ ಆಯ್ಕೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ದಿನದ ಡೇಟಾ ಖಾಲಿ.

ಪ್ರಶ್ನೆ: ಬಿಡುಗಡೆಯ ದಿನ ರಾತ್ರಿ 12ಕ್ಕೇ ಕಾದು ಕೂತರೂ ಸ್ಟೀಮ್‌ನಲ್ಲಿ ಆಟ ತೆರೆಯುವುದಿಲ್ಲ. ಮುಂಗಡ ಕೊಂಡು, ಪ್ರಿಲೋಡ್ (ಬಿಡುಗಡೆಗೆ ಮೊದಲೇ ಡೌನ್‌ಲೋಡ್) ಮಾಡಿಟ್ಟರೂ ಹೀಗೇಕೆ?
– ರಾಯಚೂರಿನ ಓದುಗರು

ಉತ್ತರ: ಸ್ಟೀಮ್‌ನಲ್ಲಿ ಬಹಳಷ್ಟು ಆಟಗಳು ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ 10ಕ್ಕೆ ತೆರೆಯುತ್ತವೆ. ಅಂದರೆ ನಮಗೆ ರಾತ್ರಿ 10.30, ಅವರ ಚಳಿಗಾಲದಲ್ಲಿ 11.30. ಆಟದ ಪುಟದಲ್ಲಿ ಓಡುವ ಗಡಿಯಾರವನ್ನಷ್ಟೇ ನಂಬಿ. ಪ್ಲೇಸ್ಟೇಷನ್‌ನಲ್ಲಿ ಸಾಮಾನ್ಯವಾಗಿ ಸ್ಥಳೀಯ ಮಧ್ಯರಾತ್ರಿಯೇ.

ಪ್ರಿಲೋಡ್ ಆದದ್ದು ಬೀಗ ಹಾಕಿದ ಫೈಲು. ಬಿಡುಗಡೆಯ ಹೊತ್ತಿಗೆ ಅದನ್ನು ಬಿಚ್ಚಿ ಮತ್ತೆ ಬರೆಯಬೇಕು. ಅದಕ್ಕೆ ಆಟದ ಗಾತ್ರದಷ್ಟೇ ಹೆಚ್ಚುವರಿ ಜಾಗ ಬೇಕಾಗಬಹುದು, ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಾಸುಗಟ್ಟಲೆ ಹಿಡಿಯಬಹುದು.

ಮುಂಗಡ ಕೊಳ್ಳುವ ಅಗತ್ಯವೇ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಡಿಜಿಟಲ್ ಪ್ರತಿ ಖಾಲಿಯಾಗುವ ಮಾಲಲ್ಲ. ಎರಡು ವಾರ ತಡೆದರೆ ಮೊದಲ ಪ್ಯಾಚುಗಳು (ದೋಷ ತಿದ್ದುವ ಅಪ್‌ಡೇಟುಗಳು) ಬಂದಿರುತ್ತವೆ. ಅಷ್ಟು ದಿನ ಯೂಟ್ಯೂಬ್‌ನಿಂದ ದೂರ ಇರಬೇಕು, ಅಷ್ಟೇ. ಇಂಥ ಆಟದ ಕೊನೆ ಗೊತ್ತಾದಮೇಲೆ ಅರ್ಧ ಜೀವ ಹೋದಂತೆ.

ಪ್ರಶ್ನೆ: ಕೊಂಡಮೇಲೆ ಸರಿ ಓಡದಿದ್ದರೆ ಹಣ ವಾಪಸ್ ಬರುತ್ತದೆಯೇ?
– ಸಿರುಗುಪ್ಪದ ಓದುಗರು

ಉತ್ತರ: ಸ್ಟೀಮ್ ಮತ್ತು ಎಪಿಕ್ ಅಂಗಡಿಗಳಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ತಾಸಿಗಿಂತ ಕಡಿಮೆ ಇದ್ದರೆ ಬರುತ್ತದೆ. ಜಿಓಜಿ ಎಂಬ ಅಂಗಡಿ 30 ದಿನ ಕೊಡುತ್ತದೆ. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿಯೂ 14 ದಿನ ಇದೆ, ಆದರೆ ಡೌನ್‌ಲೋಡ್ ಶುರುವಾಯಿತೆಂದರೆ ಆ ಹಕ್ಕು ಹೋಯಿತು. ಅಲ್ಲಿ ಕೊಳ್ಳುವಾಗ ಆಟೋ ಡೌನ್‌ಲೋಡ್ ಆಫ್ ಮಾಡಿಡಿ.

ಸ್ಟೀಮ್‌ನ ಎರಡು ತಾಸು ಎಂದರೆ ಆಟದ ಕಿಟಕಿ ತೆರೆದಿದ್ದ ಒಟ್ಟು ಹೊತ್ತು. ಮೆನುವಿನಲ್ಲಿ ಕೂತದ್ದು, ಮೊದಲ ಸಲ ಶೇಡರ್ (ಬೆಳಕು, ನೆರಳು ಬಿಡಿಸುವ ಪುಟ್ಟ ಪ್ರೋಗ್ರಾಮುಗಳು) ತಯಾರಾಗಲು ಕಾದದ್ದು ಎಲ್ಲ ಲೆಕ್ಕಕ್ಕೆ. ಆಟ ತೆರೆದಿಟ್ಟು ಊಟಕ್ಕೆ ಎದ್ದು ಹೋಗಬೇಡಿ. ಶೇಡರ್ ಕೆಲಸ ಮುಗಿಯಲು ಬಿಡಿ, ಮಧ್ಯಮ ಸೆಟ್ಟಿಂಗ್ ಇಟ್ಟು, ಮುನ್ನುಡಿ ದೃಶ್ಯಗಳಿಗೆ ಮೋಸಹೋಗದೆ ಆಟ ತೆರೆದ ಪ್ರದೇಶಕ್ಕೆ ಬರುವತನಕ ಆಡಿ. ಯಂತ್ರದ ಮೇಲೆ ಭಾರ ಬೀಳುವುದು ಅಲ್ಲಿ. ಹಣ ಕೊಟ್ಟ ಮಾರ್ಗಕ್ಕೆ ಮರಳಿಸಲಾಗದಿದ್ದರೆ ಸ್ಟೀಮ್ ವಾಲೆಟ್‌ಗೆ ಹಾಕುತ್ತಾರೆ.

ಪ್ರಶ್ನೆ: ಹೆಲ್‌ಬ್ಲೇಡ್‌ನಲ್ಲಿ ಧ್ವನಿಗಳು ತಲೆಯ ಸುತ್ತ ಓಡಾಡುತ್ತವೆ ಎಂದು ಓದಿದ್ದೆ. ನನಗೆ ರೇಡಿಯೊ ಕೇಳಿದಂತೆ ಮುಂದಿನಿಂದ ಮಾತ್ರ ಕೇಳುತ್ತದೆ. ಆಟದ ದೋಷವೇ?
– ಸಂಡೂರಿನ ಓದುಗರು

ಉತ್ತರ: ಆಟದ ದೋಷವಲ್ಲ. ಆ ಧ್ವನಿಗಳನ್ನು ಬೈನಾರಲ್ ವಿಧಾನದಲ್ಲಿ, ಎಂದರೆ ಎರಡು ಕಿವಿಯ ಜಾಗದಲ್ಲಿ ಎರಡು ಮೈಕ್ ಇಟ್ಟು ದಾಖಲಿಸಿದ್ದಾರೆ. ಎಡಗಿವಿಗೆ ಬರಬೇಕಾದದ್ದು ಎಡಗಿವಿಗೆ, ಬಲಗಿವಿಯದು ಬಲಗಿವಿಗೆ ಹೋದರೆ ಮಾತ್ರ ಮಿದುಳು ದಿಕ್ಕನ್ನು ಕಟ್ಟಿಕೊಳ್ಳುತ್ತದೆ. ಸ್ಪೀಕರಿನಲ್ಲಿ ಎರಡೂ ಗಾಳಿಯಲ್ಲೇ ಬೆರೆತುಹೋಗುತ್ತವೆ. ಹೆಡ್‌ಫೋನ್ ಹಾಕಿಯೂ ಹೀಗಾಗುತ್ತಿದ್ದರೆ ನಾಲ್ಕು ಕಡೆ ನೋಡಿ.

ವಿಂಡೋಸ್ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ‘ಮೋನೊ ಆಡಿಯೊ’ ಆಫ್ ಆಗಿರಬೇಕು. ಅಲ್ಲೇ ‘ಸ್ಪೇಷಿಯಲ್ ಸೌಂಡ್’ ಕೂಡ ಆಫ್ ಮಾಡಿ, ಹೆಡ್‌ಫೋನ್ ಕಂಪನಿಯ 7.1 ಸರೌಂಡ್ ಇದ್ದರೆ ಅದನ್ನೂ ತೆಗೆಯಿರಿ. ಈಗಾಗಲೇ ದಿಕ್ಕು ತುಂಬಿಕೊಂಡು ಬಂದ ಧ್ವನಿಗೆ ಇವು ಮತ್ತೊಮ್ಮೆ ದಿಕ್ಕು ಹಚ್ಚಿ ಕಲಸುಮೇಲೋಗರ ಮಾಡುತ್ತವೆ. ಬ್ಲೂಟೂತ್ ಹೆಡ್‌ಸೆಟ್ ಆಗಿದ್ದರೆ, ಅದರ ಮೈಕ್ ಬಳಕೆಯಲ್ಲಿದ್ದಾಗ ಧ್ವನಿ ಹ್ಯಾಂಡ್ಸ್‌ಫ್ರೀ ಮೋಡ್‌ಗೆ ಇಳಿದು ಫೋನ್ ಮಾತಿನಂತಾಗುತ್ತದೆ. ನಿಮ್ಮ ವಿವರಣೆ ನೋಡಿದರೆ ಇದೇ ಇರಬೇಕು. ಕೊನೆಯದು, ಎಡ ಬಲ ಅದಲುಬದಲು ಹಾಕಿಕೊಂಡಿರುವುದು. ಕೇಳಲು ಸಣ್ಣದು, ಆಗುವುದು ಜಾಸ್ತಿ.

3.5 ಎಂಎಂ ತಂತಿಯ ಸಾದಾ ಇಯರ್‌ಫೋನ್ ಈ ಆಟಕ್ಕೆ ಅತ್ಯುತ್ತಮ. ಕಿವಿಯೊಳಗೆ ಕೂರುವಂಥದ್ದಾದರೆ ಸೀಲಿಂಗ್ ಫ್ಯಾನ್ ಓಡುತ್ತಿದ್ದರೂ ಪಿಸುಮಾತು ತಪ್ಪುವುದಿಲ್ಲ. ಶಬ್ದವನ್ನು ಪಿಸುಮಾತಿಗೆ ಹೊಂದಿಸಿ, ಕಿರುಚಾಟಕ್ಕೆ ಹೊಂದಿಸಬೇಡಿ. ಆದರೆ ಕಿವಿ ನೋಯುವಷ್ಟು ಏರಿಸಲೂಬೇಡಿ. ಬ್ರೈಟ್‌ನೆಸ್ಸನ್ನೂ ನೀವು ಆಡುವ ಹೊತ್ತಿನ ಬೆಳಕಿನಲ್ಲೇ ಹೊಂದಿಸಿಕೊಳ್ಳಬೇಕು. ಮಧ್ಯಾಹ್ನ ಹೊಂದಿಸಿದ್ದು ರಾತ್ರಿ ಕತ್ತಲನ್ನೆಲ್ಲ ಬೂದಿ ಬಣ್ಣ ಮಾಡಿಬಿಡುತ್ತದೆ.

ಪ್ರಶ್ನೆ: ಅದೇ ಆಟದಲ್ಲಿ, ಪದೇ ಪದೇ ಸತ್ತರೆ ನಾಯಕಿಯ ಕೈಯ ಕಪ್ಪು ಕೊಳೆ ತಲೆಗೇರಿ ಎಲ್ಲ ಅಳಿಸಿಹೋಗುತ್ತದೆ ಎಂದು ಎಚ್ಚರಿಸುತ್ತಾರೆ. ನಿಜವೇ?
– ಗಂಗಾವತಿಯ ಓದುಗರು

ಉತ್ತರ: ಇಲ್ಲ, ನಿಮ್ಮ ಸೇವ್ (ಅಲ್ಲಿವರೆಗೆ ಆಡಿದ್ದರ ದಾಖಲೆ) ಅಳಿಸುವುದಿಲ್ಲ. ನಿಶ್ಚಿಂತೆಯಿಂದ ಆಡಿ. ಆ ಬೆದರಿಕೆಯೂ ಆಟದ ಭಾಗವೇ, ಹಾಗಾಗಿ ಅದನ್ನು ಆಡುವ ಗೆಳೆಯರಿಗೆ ಮಾತ್ರ ಹೇಳಬೇಡಿ.

ಪ್ರಶ್ನೆ: ಕರೆಂಟ್ ಹೋಗಿ ಬಂದಮೇಲೆ ಸೇವ್ ಕೆಟ್ಟುಹೋಗಿತ್ತು. ಮನೆಯಲ್ಲಿ ಇನ್ವರ್ಟರ್ ಇದೆ, ಆದರೂ ಕಂಪ್ಯೂಟರ್ ಆರುತ್ತದೆ.
– ಸಿಂಧನೂರಿನ ಓದುಗರು

ಉತ್ತರ: ಇನ್ವರ್ಟರಿನ ಹಿಂದೆ ‘ಯುಪಿಎಸ್’ ಮತ್ತು ‘ನಾರ್ಮಲ್’ ಅಥವಾ ‘ಇಕೊ’ ಎಂಬ ಸ್ವಿಚ್ ಇದ್ದರೆ ಯುಪಿಎಸ್ ಕಡೆಗೆ ಹಾಕಿ. ನಾರ್ಮಲ್‌ನಲ್ಲಿ ಬದಲಾವಣೆ ನಿಧಾನ. ಫ್ಯಾನು, ಲೈಟಿಗೆ ಸಾಕು, ಕಂಪ್ಯೂಟರಿಗೆ ಸಾಲದು. ಸ್ಕ್ವೇರ್ ವೇವ್ ಇನ್ವರ್ಟರಾದರೆ ಹೊಸ ಪವರ್ ಸಪ್ಲೈಗಳು ತಕರಾರು ಮಾಡುತ್ತವೆ, ಸೈನ್ ವೇವ್ ಬೇಕು. ಬೇರೆ ಯುಪಿಎಸ್ ಕೊಳ್ಳುವುದಾದರೆ 600 ವಿಎ ಎಂದರೆ ಸುಮಾರು 360 ವ್ಯಾಟ್ ಮಾತ್ರ. ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್ ಆಟದ ವೇಳೆ 250ರಿಂದ 300 ವ್ಯಾಟ್ ಎಳೆಯಬಹುದು, ಮಾನಿಟರ್ ಬೇರೆ. 1000 ವಿಎ ಹತ್ತಿರದ್ದು ತೆಗೆದುಕೊಳ್ಳಿ, ಅದರ ಮೇಲೆ ಸಿಗುವ ನಿಮಿಷಗಳನ್ನು ಆಟ ಮುಂದುವರಿಸಲು ಬಳಸದೆ ಸರಿಯಾಗಿ ಮುಚ್ಚಲು ಬಳಸಿ.

ಸೇವ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್ ಅರ್ಧವಾಗುತ್ತದೆ. ಹೆಲ್‌ಬ್ಲೇಡ್‌ನಂಥ ಆಟದಲ್ಲಿ ಆಟೋಸೇವ್ ಒಂದೇ, ಹಿಂದಿನದಕ್ಕೆ ಮರಳುವ ದಾರಿ ಇಲ್ಲ. ಆ ದಿನದ ಆಟ ಮುಗಿಸಿದಮೇಲೆ ಸೇವ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಡಿ. ಕ್ಲೌಡ್ ಸೇವ್ (ಇಂಟರ್ನೆಟ್‌ನಲ್ಲಿ ಉಳಿಯುವ ಪ್ರತಿ) ಇರುವ ಆಟಗಳಲ್ಲಿ ಅದು ಮೇಲೇರುವುದು ಆಟ ಮುಚ್ಚಿದಾಗ. ಹಾಗಾಗಿ ಕರೆಂಟ್ ಹೋದಮೇಲೆ ಸ್ಟೀಮ್ ‘ಯಾವುದು ಬೇಕು’ ಎಂದು ಕೇಳಿದರೆ ಅವಸರ ಬೇಡ. ಫೈಲ್ ಕೆಟ್ಟಿದೆ ಎಂಬ ಅನುಮಾನವಿದ್ದರೆ ಕಂಪ್ಯೂಟರಿನಲ್ಲಿರುವುದನ್ನು ಬೇರೆಡೆ ನಕಲಿಸಿಟ್ಟು, ಕ್ಲೌಡ್‌ನಲ್ಲಿರುವುದನ್ನು ಆರಿಸಿ.

ಪ್ರಶ್ನೆ: 15 ವರ್ಷದ ಮಗ ಈ ಆಟಗಳನ್ನು ಕೇಳುತ್ತಿದ್ದಾನೆ. ಕೊಡಿಸಬಹುದೇ?
– ತಾಯಿಯೊಬ್ಬರು, ಮಾನ್ವಿ

ಉತ್ತರ: ಸದ್ಯಕ್ಕೆ ಬೇಡಮ್ಮ. ‘ಸೈಲೆಂಟ್ ಹಿಲ್ 2’, ‘ಅಲನ್ ವೇಕ್ 2’, ‘ಹೆಲ್‌ಬ್ಲೇಡ್’ ಮೂರಕ್ಕೂ ಯುರೋಪಿನ ಪೆಗಿ ಎಂಬ ವಯೋಮಿತಿ ಗುರುತು 18. ರಕ್ತಕ್ಕಿಂತ ಆತ್ಮಹತ್ಯೆ, ಸಾವಿನ ದುಃಖ, ಬುದ್ಧಿಭ್ರಮೆಯ ವಿಷಯಗಳು ಇಲ್ಲಿ ಭಾರವಾದವು. ಸ್ಟೀಮ್ ಫ್ಯಾಮಿಲಿ ಮಾಡಿ ಅವನನ್ನು ಮಗುವಿನ ಖಾತೆಯಾಗಿ ಸೇರಿಸಿಕೊಂಡರೆ ಯಾವ ಆಟ ತೆರೆಯಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ. ದೊಡ್ಡವರಲ್ಲೂ ಬೆನ್ನಟ್ಟುವ ದೃಶ್ಯ ತಡೆಯಲಾಗದವರಿಗೆ ‘ಸೋಮಾ’ದಲ್ಲಿ ಸೇಫ್ ಮೋಡ್ ಇದೆ, 2017ರ ಡಿಸೆಂಬರ್‌ನಲ್ಲಿ ಸೇರಿಸಿದ್ದು. ಜೀವಿಗಳು ಇರುತ್ತವೆ, ಕೊಲ್ಲುವುದಿಲ್ಲ, ಕಥೆ ಪೂರ್ತಿ ಸಿಗುತ್ತದೆ. ಯಾರಿಗೇ ಆಗಲಿ ಆಟ ಬಿಟ್ಟಮೇಲೂ ನಿದ್ದೆ ಬಾರದೆ, ಕಳವಳ ಇಳಿಯದೆ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಕರೆ ಉಚಿತ.

ಪ್ರಶ್ನೆ: ಅಲ್ರೀ, ರೊಕ್ಕ ಕೊಟ್ಟು ತಗೊಂಡ ಆಟ ನಮ್ದಲ್ಲ, ಬರೀ ಲೈಸೆನ್ಸು ಅಂತಾರ. ನಾಳೆ ಅಂಗಡಿಯವ್ರು ತೆಗೆದುಬಿಟ್ರ ಏನ್ ಮಾಡೋದ್ರಿ? ಡಿಸ್ಕ್ ಯಾಕ ಬಿಡಂಗಿಲ್ಲ?
– ಕೊಪ್ಪಳದ ಓದುಗರು

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು. ಈ ಪ್ರಕಾರದ ಆಟಗಳಲ್ಲೇ ಅದಕ್ಕೆ ಎರಡು ಸಾಕ್ಷಿಗಳಿವೆ. ‘ಪಿ.ಟಿ.’ ಎಂಬ ಉಚಿತ ಆಟ 2014ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂತು, 2015ರ ಏಪ್ರಿಲ್‌ನಲ್ಲಿ ಅಂಗಡಿಯಿಂದ ಹೋಯಿತು, ಮೊದಲೇ ಪಡೆದವರಿಗೂ ಮತ್ತೆ ಇಳಿಸಿಕೊಳ್ಳಲು ಬಿಡಲಿಲ್ಲ. ‘ಡಿಟೆನ್ಷನ್’ ತಂಡದ್ದೇ ‘ಡಿವೋಷನ್’ 2019ರ ಫೆಬ್ರವರಿಯಲ್ಲಿ ಸ್ಟೀಮ್‌ಗೆ ಬಂದು, ಚೀನಾದ ಅಧ್ಯಕ್ಷರನ್ನು ಅಣಕಿಸುವ ಬರಹವೊಂದು ಆಟದೊಳಗೆ ಸಿಕ್ಕಿದ್ದಕ್ಕೆ ಎದ್ದ ಗಲಾಟೆಯಲ್ಲಿ ಒಂದೇ ವಾರದಲ್ಲಿ ಮಾರಾಟದಿಂದ ಹಿಂದೆ ಸರಿಯಿತು. 2021ರಲ್ಲಿ ಅದನ್ನು ಮಾಡಿದ ರೆಡ್ ಕ್ಯಾಂಡಲ್ ತಂಡ ತನ್ನದೇ ಅಂಗಡಿ ತೆರೆದು, ಬೀಗವಿಲ್ಲದ (ಅಂಗಡಿಯ ಅನುಮತಿ ಕೇಳದೆ ತೆರೆಯುವ) ಪ್ರತಿಯಾಗಿ ಆಟವನ್ನು ಮಾರತೊಡಗಿತು.

ಡಿಸ್ಕ್ ಬಿಡದಿರುವುದಕ್ಕೆ ಕಾರಣ ಬೆಲೆ ಮತ್ತು ಸಮಯ. ‘ಅಲನ್ ವೇಕ್ 2’ 2023ರ ಅಕ್ಟೋಬರ್ 27ರಂದು ಡಿಜಿಟಲ್ ಆಗಿ ಮಾತ್ರ ಬಂದಾಗ ತಯಾರಕರು ಹೇಳಿದ್ದೂ ಅದನ್ನೇ. ಡಿಸ್ಕ್ ಬರಲು ಮತ್ತೊಂದು ವರ್ಷ ಹಿಡಿಯಿತು.

ಕಂಪ್ಯೂಟರಿನಲ್ಲಿ ಆಡುವವರಿಗೆ ಒಂದು ದಾರಿ ಇದೆ: ಇಂಥದೇ ಬೀಗವಿಲ್ಲದ ಪ್ರತಿ ಮಾರುವ ಜಿಓಜಿಯಲ್ಲಿ ಸಿಗುವುದನ್ನು ಅಲ್ಲೇ ಕೊಳ್ಳಿ. ‘ಹೆಲ್‌ಬ್ಲೇಡ್’, ‘ಸೋಮಾ’ ಎರಡೂ ಅಲ್ಲಿವೆ. ನಿಮ್ಮ ಖಾತೆಯಲ್ಲಿ ಆಟದ ಆಫ್‌ಲೈನ್ ಇನ್‌ಸ್ಟಾಲರ್ ಎಂಬ ಕೊಂಡಿ ಇರುತ್ತದೆ. ದೊಡ್ಡ ಆಟವಾದರೆ ಅದು ಹಲವು ತುಂಡುಗಳಲ್ಲಿ ಬರುತ್ತದೆ, ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಡಿ. ಒಂದು ತುಂಡು ತಪ್ಪಿದರೂ ಇನ್‌ಸ್ಟಾಲ್ ನಡುವೆ ನಿಲ್ಲುತ್ತದೆ. ಇಳಿದ ಕೂಡಲೇ ವೈಫೈ ಆಫ್ ಮಾಡಿ ಒಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ. ಓಡಿತೆಂದರೆ ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ದೊಡ್ಡ ಪ್ಯಾಚ್ ಬಂದಾಗ ಹೊಸ ಇನ್‌ಸ್ಟಾಲರ್ ಇಳಿಸಿ ಹಳೆಯದನ್ನು ತೆಗೆಯಿರಿ.